ಕೆಂಪು ಠಸ್ಸೆ ಬೀಳದ ಹಾಳೆಗಳು

ಜೂನ್ ೩, ಮಂಗಳವಾರ

ಪುಟ್ಟೀ, ಹೇಗಿದ್ದೀಯಮ್ಮ? ನಿನ್ನ ಯಜಮಾನರ ಸೊಂಟನೋವು ಇಳಿಯಿತೇ? ದೊಡ್ಡವಳ ಮಗು ಗೋಡೆ ಹಿಡಿದು ನಿಲ್ಲುತ್ತದೆ ಎಂದು ಬರೆದಿದ್ದೆ, ಈಗ ಓಡುತ್ತಿರಬೇಕು. ಗುಂಡನ ಕೆಮ್ಮು ಹೇಗಿದೆ? ಅವನ ಹೆಂಡತಿ ಹೊಸ ಕೆಲಸಕ್ಕೆ ಒಗ್ಗಿಕೊಂಡಳೇ? ಇಲ್ಲಿ ನಾನು, ನಿಮ್ಮತ್ತಿಗೆ ಇಬ್ಬರೂ ಕ್ಷೇಮ.

ಅಂಚೆಗೆ ಹಾಕುವ ಕಾಗದವಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಇದು ಅದಲ್ಲ. ಹಳೆಯ ಲೇಬಲ್ ಪುಸ್ತಕದ ಹಿಂಬದಿಯಲ್ಲಿ ನನಗೆ ನಾನೇ ಬರೆದುಕೊಳ್ಳುತ್ತಿರುವುದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಲೇಬಲ್ ನೋಡಿ ಅಕ್ಷರ ತಿದ್ದಿದೆ, ನಿನಗೆ ಕಾಗದ ಬರೆದು ಬರೆದು ವಾಕ್ಯ ಕಲಿತೆ. ಹಾಗಾಗಿ ನಿನ್ನನ್ನು ಕರೆಯದೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ಏನು ಮಾಡಲಿ.

ಹುಲ್ಲುಮನೆ ಮುಚ್ಚುತ್ತಾರೆ.

ಇವತ್ತು ಕುಲಸಚಿವರು ಕರೆಸಿದ್ದರು. ವಯಸ್ಸಿನಲ್ಲಿ ನಿನ್ನ ಮಗ ಗುಂಡನಷ್ಟೇ ಇರಬಹುದು. ಕುರ್ಚಿ ತೋರಿಸಿದರು, ಅದೇ ಕೆಟ್ಟ ಸುದ್ದಿಯ ಗುರುತು.

"ನೀವು ರಿಟೈರ್ ಆಗಿ ಎಷ್ಟು ವರ್ಷ ಆಯ್ತು?"

"ಆರು, ಸರ್."

"ಮತ್ತೆ ದಿನಾ ಬರ್ತೀರಂತಲ್ಲ."

"ಬೀಗದ ಕೈ ಯಾರೂ ಕೇಳಲಿಲ್ಲ, ಸರ್."

ನಕ್ಕರು. ಆಮೇಲೆ ಹೇಳಿದರು. ಆ ಕಟ್ಟಡ ಪರೀಕ್ಷಾ ವಿಭಾಗಕ್ಕೆ ಬೇಕಂತೆ. ತಿಂಗಳ ಕೊನೆಗೆ ಖಾಲಿಯಾಗಬೇಕಂತೆ. ಬೇರೆ ಊರಿನ ಸಂಶೋಧನಾ ಕೇಂದ್ರವೊಂದು ನಮ್ಮ ಒಣಗಿಡದ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋಗಿ ಇಟ್ಟುಕೊಳ್ಳಲು ಒಪ್ಪಬಹುದು, ಅವರ ಮೇಡಂ ಒಬ್ಬರು ನೋಡಲು ಬರುತ್ತಾರೆ. ಅವರು ಬೇಡ ಎಂದರೆ?

"ಬೇಡ ಅಂದ್ರೆ ಒಣಹುಲ್ಲು ತಾನೇ," ಎಂದರು. ಕೆಟ್ಟ ಮನುಷ್ಯರಲ್ಲ. ಗೊತ್ತಿಲ್ಲದೆ ಹೇಳಿದ್ದು.

ಎದ್ದು ಬರುವಾಗ ಅವರ ಮೇಜಿನ ಮೇಲಿದ್ದ ಟೀ ಲೋಟ ನನ್ನ ಕೈ ತಾಗಿ ಉರುಳಿತು. ಮೇಜಿನ ಅಂಚಿಗೆ ಲೋಟ ಇಡುವುದು ಯಾವ ಪದ್ಧತಿಯೋ.

ಜೂನ್ ೫, ಗುರುವಾರ

ವಿಶ್ವವಿದ್ಯಾಲಯಕ್ಕೆ ಎಪ್ಪತ್ತೈದು ತುಂಬಿತೆಂದು ದಪ್ಪನೆಯ ಇತಿಹಾಸದ ಪುಸ್ತಕ ತಂದಿದ್ದಾರೆ. ಹೋದ ವರ್ಷ ನನ್ನಿಂದಲೂ ಒಂದು ಬರಹ ಕೇಳಿದ್ದರು. ಹದಿನೆಂಟು ಪುಟ ಬರೆದು ಕೊಟ್ಟಿದ್ದೆ. ಇವತ್ತು ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಇನ್ನೂರಾ ಹನ್ನೊಂದನೇ ಪುಟದಲ್ಲಿ ಒಂದು ಸಾಲು: 'ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿಡಗಳ ಸಂಗ್ರಹವೂ ಇತ್ತು.' ಇತ್ತು. ನಾನು ಬೀಗ ತೆಗೆದು ಒಳಗೆ ಕೂತಿರುವಾಗಲೇ ಇತ್ತು ಎಂದು ಅಚ್ಚು ಹಾಕಿಬಿಟ್ಟಿದ್ದಾರೆ.

ನಾನೇ ಬರೆದಿಡುತ್ತೇನೆ. ಮೊದಲು ಇಲ್ಲಿದ್ದದ್ದು ಸೈನ್ಯದ ಕುದುರೆ ಲಾಯ, ಮೂರು ಬೇವಿನ ಮರ, ಅರವತ್ತು ವಿದ್ಯಾರ್ಥಿಗಳು. ಅಧ್ಯಾಪಕರು ಕುದುರೆಗೆ ಮೇವು ಹಾಕುವ ಕಟ್ಟೆಯ ಮೇಲೆ ಕೂತು ಪಾಠ ಹೇಳುತ್ತಿದ್ದರಂತೆ. ನಮ್ಮ ಮೇಷ್ಟ್ರು ಬಂದದ್ದು ಒಂದು ತಗಡಿನ ಟ್ರಂಕಿನ ತುಂಬ ಒಣಗಿದ ಗಿಡ ಹೊತ್ತುಕೊಂಡು. ಲಾಯದ ಕೊನೆಯ ಅಂಕಣವನ್ನು ಅವರಿಗೆ ಕೊಟ್ಟರು. ಮೇವಿನ ವಾಸನೆ ಇನ್ನೂ ಹೋಗಿರಲಿಲ್ಲ, ವಿದ್ಯಾರ್ಥಿಗಳು ಹುಲ್ಲುಮನೆ ಎಂದು ಕರೆದರು, ಹೆಸರು ಉಳಿಯಿತು. ಈಗ ನನ್ನನ್ನು ಹುಲ್ಲುತಾತ ಎನ್ನುತ್ತಾರೆ. ನಲವತ್ತೊಂದು ಸಾವಿರ ಹಾಳೆ. ಒಂದೊಂದು ಹಾಳೆಗೂ ಒಂದು ಗಿಡ, ಬೇರಿನ ಸಮೇತ ಹೊಲಿದದ್ದು, ಮದುವೆಗೆ ಮುಂಚೆ ನೀನು ಕೂತು ಹೊಲಿದವೂ ಸೇರಿ. ಕೆಳಗೆ ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಕಿತ್ತರು ಎಂಬ ಲೇಬಲ್. ಅದರಲ್ಲಿ ಮುನ್ನೂರು ಹಾಳೆ ಕಣಿವೆಯವು, ಅಣೆಕಟ್ಟಿನ ನೀರು ಏರುವ ಮೊದಲಿನ ವಾರ ನಾನೇ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಿತ್ತು ತಂದದ್ದು. ಆ ಗಿಡಗಳಲ್ಲಿ ಮೂರು ಜಾತಿ ಈಗ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಮುಷ್ಕರದ ವರ್ಷ ನೆನಪಿದೆಯಾ? ನೀನು ಆಗ ಮದುವೆಯಾಗಿ ಹೋಗಿದ್ದೆ, ನಾನು ಬರೆದಿದ್ದೆ. ಹುಡುಗರು ಆಡಳಿತ ಭವನದ ಕಿಟಕಿ ಒಂದೂ ಉಳಿಸಲಿಲ್ಲ. ಹುಲ್ಲುಮನೆಯ ಮುಂದೆ ಮಾತ್ರ ನಾಲ್ಕು ಜನ ಕೈಕೈ ಹಿಡಿದು ನಿಂತಿದ್ದರು. "ಇಲ್ಲಿ ಕಲ್ಲು ಬಿದ್ರೆ ತಾತ ಅಳ್ತಾನೆ ಕಣ್ರೋ," ಎಂದು ಒಬ್ಬ ಕೂಗುತ್ತಿದ್ದ. ನನಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ.

ಜೂನ್ ೯, ಸೋಮವಾರ

ನಿಮ್ಮತ್ತಿಗೆಯ ಮೇಲೆ ರೇಗಿದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಬಂದು, "ಕೊಡಿ ಇಲ್ಲಿ, ಹತ್ತು ನಿಮಿಷದಿಂದ ಅದೇ ಗುಂಡಿ ಹಿಡ್ಕೊಂಡು ನಿಂತಿದೀರಿ," ಎಂದಳು. ಅವಳ ಕೈ ತಳ್ಳಿದೆ. ಜೋರಾಗಿಯೇ ತಳ್ಳಿದೆನೋ ಏನೋ.

"ಗಿಡನಾದ್ರೂ ಆಗಿದ್ರೆ ಮೆತ್ತಗೆ ಮುಟ್ತಿದ್ರಿ," ಎಂದು ಒಳಗೆ ಹೋದಳು.

ಹೊಸ ಅಂಗಿಗಳ ಕಾಜ ಬಹಳ ಚಿಕ್ಕದಾಗಿ ಹೊಲಿಯುತ್ತಾರೆ.

ಜೂನ್ ೧೨, ಗುರುವಾರ

ಆ ಮೇಡಂ ಬಂದಿದ್ದರು. ಐವತ್ತು ದಾಟಿರಬಹುದು, ಕತ್ತಿನಲ್ಲಿ ನೇತುಹಾಕಿದ ಭೂತಗನ್ನಡಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟರು. ಬೀರು ತೆಗೆದು ಹಾಳೆ ತೋರಿಸುತ್ತಾ ಹೋದೆ. ಕಣಿವೆಯ ಕಟ್ಟು ಬಿಚ್ಚಿದಾಗ ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತು ನೋಡಿ, "ಇದನ್ನ ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ನೀವು?" ಎಂದರು.

"ಹದಿನೆಂಟು ಪುಟ ಹೇಳಿದ್ದೆ, ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಬಲಮೂಲೆಯ ಕೆಂಪು ಠಸ್ಸೆ ನೋಡಿ ಕೇಳಿದರು.

"ವಿಷ ಸವರಿದ್ದಕ್ಕೆ ಹಾಕಿರೋದು ತಾನೇ?"

"ಹೌದು. ಮೇಷ್ಟ್ರ ಕಾಲದ್ದು. ಹನ್ನೆರಡು ಸಾವಿರ ಹಾಳೆ. ಹುಳ ಹಿಡೀದೇ ಇರಲಿ ಅಂತ ಪಾದರಸದ ಉಪ್ಪು ಸ್ಪಿರಿಟ್ಟಲ್ಲಿ ಕರಗಿಸಿ ಬ್ರಷ್ಷಲ್ಲಿ ಸವರ್ತಿದ್ವಿ."

"ಅದೇನೂ ತೊಂದರೆ ಇಲ್ಲ. ನಮ್ಮಲ್ಲೂ ಇವೆ. ಬೇರೆ ಬೀರುವಲ್ಲಿಟ್ಟು ಗ್ಲೌಸ್ ಹಾಕ್ಕೊಂಡು ಮುಟ್ತೀವಿ. ಎಲ್ಲಿದೆ ಅಂತ ಗೊತ್ತಿದ್ರೆ ವಿಷದ ಭಯ ಇಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಠಸ್ಸೆ ಇಲ್ಲದ್ದೆಲ್ಲ ಶುದ್ಧ ತಾನೇ? ಇಪ್ಪತ್ತೊಂಬತ್ತು ಸಾವಿರ ಅಂದ್ರೆ ಒಂದೊಂದೇ ಪರೀಕ್ಷೆ ಮಾಡ್ತಾ ಕೂತ್ರೆ ವರ್ಷಗಟ್ಟಲೆ ಬೇಕು. ಅಷ್ಟು ಜನ ನಮ್ಮಲ್ಲಿಲ್ಲ."

"ಶುದ್ಧ," ಎಂದೆ.

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದರೆ, ಸಂಜೆಯವರೆಗೂ ನನಗೇ ನಂಬಿಕೆ ಇತ್ತು.

ಜೂನ್ ೧೩, ಶುಕ್ರವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಮೇಷ್ಟ್ರು ಹೋದ ಮೇಲೆ ಮೇಲಿನವರಿಂದ ಆದೇಶ ಬಂತು, ಆ ವಿಷ ಇನ್ನು ಬಳಸಕೂಡದು, ಉಳಿದಿದ್ದನ್ನು ಒಪ್ಪಿಸಬೇಕು ಎಂದು. ಒಂದು ಭರಣಿ ಒಪ್ಪಿಸಿದೆ. ಇನ್ನೊಂದನ್ನು ಇಟ್ಟುಕೊಂಡೆ. ಯಾಕೆಂದರೆ ಅದೇ ವರ್ಷ ಕುಟ್ಟೆಹುಳ ಬಿದ್ದು ಒಂದು ಕಟ್ಟಿನಲ್ಲಿ ಹನ್ನೊಂದು ಹಾಳೆ ಹಿಟ್ಟಾಗಿತ್ತು. ಲೇಬಲ್ ಮಾತ್ರ ಉಳಿದಿತ್ತು, ಗಿಡ ಇಲ್ಲ. ಹೊಸ ಔಷಧಿ ಕೇಳಿ ಅರ್ಜಿ ಬರೆದೆ, ಉತ್ತರ ಇಲ್ಲ. ಭರಣಿ ತೆಗೆದೆ. ಒಂಬತ್ತು ವರ್ಷ ಸವರಿದೆ. ಎಲ್ಲವನ್ನೂ ಅಲ್ಲ. ನನಗೆ ಮುದ್ದು ಅನ್ನಿಸಿದ್ದನ್ನು, ಇವತ್ತು ಇದು, ನಾಳೆ ಅದು, ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಠಸ್ಸೆ ಒತ್ತಿದರೆ ಸಿಕ್ಕಿಬೀಳುತ್ತೇನೆ ಎಂದು ಒತ್ತಲಿಲ್ಲ. ಬರೆದೂ ಇಡಲಿಲ್ಲ. ನೆನಪಿರುತ್ತದೆ ಅಂದುಕೊಂಡಿದ್ದೆ.

ಇವತ್ತು ಬೀರುಗಳ ಮುಂದೆ ನಿಂತು ಜ್ಞಾಪಿಸಿಕೊಳ್ಳಲು ನೋಡಿದೆ. ಕಣಿವೆಯವು ಪೂರ್ತಿ ಸವರಿದ್ದೇನೆ, ಅದು ಖಂಡಿತ. ಮಿಕ್ಕದ್ದು ಒಂದೂ ನೆನಪಿಗೆ ಬರುತ್ತಿಲ್ಲ. ನನ್ನ ನೆನಪು ಹೀಗಿರಲಿಲ್ಲ, ಪುಟ್ಟಿ. ಹಾಳೆಯ ನಂಬರು ಹೇಳಿದರೆ ಗಿಡದ ಹೆಸರು ಹೇಳುತ್ತಿದ್ದವನು ನಾನು.

ಹೇಳಿದರೆ ಇಪ್ಪತ್ತೊಂಬತ್ತು ಸಾವಿರ ಹಾಳೆ ಹಾಳು. ಹೇಳದಿದ್ದರೆ ಅವು ಒಳ್ಳೆಯ ಬೀರುವಿನಲ್ಲಿ, ತಣ್ಣನೆಯ ಕೋಣೆಯಲ್ಲಿ ಇನ್ನೂರು ವರ್ಷ ಇರುತ್ತವೆ. ಯಾರೋ ಮುಟ್ಟುತ್ತಾರೆ. ನಾನು ಮುಟ್ಟಲಿಲ್ಲವೇ? ನನಗೇನಾಗಿದೆ?

ಜೂನ್ ೧೭, ಮಂಗಳವಾರ

ಸಹಿ ಹಾಕಿದೆ.

ಕುಲಸಚಿವರೇ ಟೈಪ್ ಮಾಡಿಸಿ ಇಟ್ಟಿದ್ದರು. 'ಕೆಂಪು ಠಸ್ಸೆ ಇಲ್ಲದ ಹಾಳೆಗಳಿಗೆ ಯಾವುದೇ ವಿಷಪದಾರ್ಥ ಬಳಸಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.' ಸಹಿ ಅಂಕುಡೊಂಕಾಯಿತು. ಅವರು ಕಾಗದ ತಿರುಗಿಸಿ ನೋಡಿ, "ಇದು ನಿಮ್ಮ ಸಹಿಯೇ ತಾನೇ?" ಎಂದು ತಮಾಷೆ ಮಾಡಿದರು. ಇನ್ನೊಂದು ಪ್ರತಿಯಲ್ಲಿ ಮತ್ತೆ ಹಾಕಿದೆ. ಅದು ಇನ್ನೂ ಹಾಳಾಯಿತು.

ಖುಷಿಯಾಗಿದ್ದೇನೆ. ಗಿಡಗಳು ಬದುಕಿದವು. ದಾರಿಯಲ್ಲಿ ಎದುರಾದ ಹಳೆಯ ಕಾರಕೂನರು ಮಾತಾಡಿಸಲು ಬಂದರು. ನಾನು ರಸ್ತೆ ದಾಟಿ ಆ ಕಡೆ ಹೋದೆ. ಈಚೆಗೆ ಜನ ಎದುರು ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಜೂನ್ ೨೩, ಸೋಮವಾರ

ಪ್ಯಾಕಿಂಗ್ ಶುರುವಾಯಿತು. ಗುತ್ತಿಗೆಯವರು ಆರು ಜನ ಹೆಂಗಸರನ್ನು ಕಳಿಸಿದ್ದಾರೆ. ಹತ್ತತ್ತು ಹಾಳೆಯ ಮಧ್ಯೆ ಒಂದು ರಟ್ಟು, ಮೇಲೆ ಟೇಪು, ಆಮೇಲೆ ಪೆಟ್ಟಿಗೆ. ಠಸ್ಸೆ ಇದ್ದದ್ದಕ್ಕೆ ಮೇಡಂ ಗ್ಲೌಸ್ ಕಳಿಸಿದ್ದರು. ಠಸ್ಸೆ ಇಲ್ಲದ್ದಕ್ಕೆ ಬೇಕಿಲ್ಲವಲ್ಲ.

ಅವರ ಪೈಕಿ ಎತ್ತರದವಳೊಬ್ಬಳು ಬಾಯಿ ಜೋರು. "ಏನು ತಾತಾ, ಇಷ್ಟೊಂದು ಸೊಪ್ಪು, ಒಂದಿನ ಸಾರಾದ್ರೂ ಮಾಡ್ಕೊಂಡು ತಿಂದ್ರಾ?"

"ತಿಂದಿದ್ರೆ ನಿನ್ನಷ್ಟು ಉದ್ದ ಆಗ್ತಿದ್ದೆ ಕಣಮ್ಮ."

ಎಲ್ಲರೂ ನಕ್ಕರು. ಬಹಳ ದಿನಕ್ಕೆ ನಾನೂ ನಕ್ಕೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಅವಳ ಎದುರಿಗೆ ಕಣಿವೆಯ ಕಟ್ಟು. ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಒಂದು ಹಾಳೆ ಎತ್ತಿದಳು. ಮತ್ತೆ ನಾಲಿಗೆಗೆ ಮುಟ್ಟಿಸಿದಳು, ಇನ್ನೊಂದು ಹಾಳೆ. ಮಾತಾಡುತ್ತಲೇ, ನಗುತ್ತಲೇ. ಹತ್ತು ಹಾಳೆಗೆ ಹತ್ತು ಸಲ.

ನೀನೂ ಹಾಗೇ ಮಾಡುತ್ತಿದ್ದೆ.

ನಾನು ಏನು ಕೂಗಿದೆನೋ ನೆನಪಿಲ್ಲ. ಹೋಗಿ ಅವಳ ಕೈಯಿಂದ ಹಾಳೆ ಕಿತ್ತುಕೊಂಡೆ. ಹಾಳೆ ಅಡ್ಡಕ್ಕೆ ಹರಿಯಿತು. ಮೂರು ಜಾತಿಯಲ್ಲಿ ಒಂದು ಅದು. ನಾನು ಅದನ್ನು ನೋಡಲೂ ಇಲ್ಲ. "ಬಾಯಿ ತೊಳ್ಕೋ, ಎಲ್ಲಾರೂ ಹೊರಗೆ ಹೋಗಿ, ಕೈ ತೊಳ್ಕೊಳ್ಳಿ," ಎಂದು ಕಿರುಚುತ್ತಿದ್ದೆನಂತೆ. ಅವಳಿಗೆ ಅವಮಾನವಾಯಿತು.

"ಏನಾಯ್ತು ತಾತಾ, ನಾವೇನು ಕದ್ಕೊಂಡು ಹೋಗ್ತೀವಾ ನಿಮ್ಮ ಹುಲ್ಲ?"

"ವಿಷ ಇದೆ ಕಣವ್ವ ಅದರಲ್ಲಿ."

"ಕೆಂಪು ಇಲ್ಲವಲ್ಲ?"

"ನಾನು ಹಾಕಲಿಲ್ಲ."

ಜೂನ್ ೨೪, ಮಂಗಳವಾರ

ಬೆಳಿಗ್ಗೆ ಕುಲಸಚಿವರ ಕೋಣೆಯಲ್ಲಿ ನಿಂತೇ ಎಲ್ಲ ಹೇಳಿದೆ. ಈ ಸಲ ಕುರ್ಚಿ ತೋರಿಸಲಿಲ್ಲ. ಮೇಡಂಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅವರು ಬೈಯಲಿಲ್ಲ.

"ಯಾವ್ಯಾವ ಹಾಳೆ ಅಂತ ಒಂದು ಪಟ್ಟಿ ಏನಾದ್ರೂ ಇದೆಯಾ? ಒಂದು ಚೀಟಿ?"

"ಇಲ್ಲ, ಮೇಡಂ."

"ಅಂದಾಜು?"

"ಮೂರರಲ್ಲಿ ಒಂದು ಇರಬಹುದು. ಯಾವ ಒಂದು ಅಂತ ಗೊತ್ತಿಲ್ಲ."

ಕಣಿವೆಯವೆಲ್ಲ ಸವರಿದ್ದು ಖಂಡಿತ, ಅವನ್ನಾದರೂ ಉಳಿಸಿ ಎಂದೆ; ಒಮ್ಮೆ ಸುಳ್ಳು ಸಹಿ ಹಾಕಿದವನ ಮಾತಿನ ಮೇಲೆ ಇನ್ನು ಒಂದು ಹಾಳೆಯನ್ನೂ ಅವರ ಕೇಂದ್ರ ಒಪ್ಪುವುದಿಲ್ಲವಂತೆ. "ಠಸ್ಸೆ ಇರೋವನ್ನ ಮಾತ್ರ ತಗೊಳ್ತೀವಿ," ಎಂದರು. "ಉಳಿದಿದ್ದು ಆಗಲ್ಲ, ಅಣ್ಣ." ಅಣ್ಣ ಎಂದರು. ಅದು ಯಾಕೋ ತಡೆಯಲಾಗಲಿಲ್ಲ.

ಜೂನ್ ೩೦, ಸೋಮವಾರ

ವಿಷ ಸವರಿದ ಹನ್ನೆರಡು ಸಾವಿರ ಹಾಳೆ ಪೆಟ್ಟಿಗೆಯಲ್ಲಿ ಭದ್ರವಾಗಿ ಹೋದವು. ಉಳಿದ ಇಪ್ಪತ್ತೊಂಬತ್ತು ಸಾವಿರವನ್ನು ರಾಸಾಯನಿಕ ಕಸ ಸಾಗಿಸುವವರು ನೀಲಿ ಪೀಪಾಯಿಗಳಿಗೆ ತುಂಬಿದರು. ಅದರಲ್ಲಿ ಮುಕ್ಕಾಲು ಪಾಲು, ಅಲ್ಲ, ಮೂರರಲ್ಲಿ ಎರಡು ಪಾಲು, ಒಂದು ಹನಿಯೂ ಸೋಕದ ಹಾಳೆಗಳು. ಪೀಪಾಯಿಗೆ ಹಿಡಿಸಲು ಸುರುಳಿ ಸುತ್ತಿದರು. ಒಣಗಿದ ಗಿಡ ಸುರುಳಿ ಸುತ್ತಿದರೆ ಏನಾಗುತ್ತದೆ ಎಂದು ನಿನಗೆ ಗೊತ್ತು. ಆ ಸದ್ದು ಹೊರಗಿನ ಮೆಟ್ಟಿಲವರೆಗೂ ಕೇಳುತ್ತಿತ್ತು. ಒಂದು ಗುಂಡಿಯಲ್ಲಿ ಹಾಕಿ ಮೇಲೆ ಸಿಮೆಂಟು ಮುಚ್ಚುತ್ತಾರಂತೆ.

ಬೀಗದ ಕೈ ಕೇಳಿದರು. ಕೊಟ್ಟೆ.

ಜುಲೈ ೪, ಶುಕ್ರವಾರ

ಏನೂ ಬರೆಯುವುದಿಲ್ಲ.

ಜುಲೈ ೮, ಮಂಗಳವಾರ

ನಿಮ್ಮತ್ತಿಗೆ ಆ ಎತ್ತರದ ಹೆಂಗಸನ್ನು ಎಲ್ಲಿಂದಲೋ ಹುಡುಕಿ, ಅವಳನ್ನೂ ನನ್ನನ್ನೂ ಒಟ್ಟಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನನಗೆ ಹೊಳೆಯಲಿಲ್ಲ ನೋಡು. ಅವಳಿಗೆ ಏನೂ ಆಗಿಲ್ಲ. ಒಂದು ಬೆಳಗಿನ ಕೆಲಸ ಅಷ್ಟೇ, ಹೆದರಬೇಕಾಗಿಲ್ಲ ಎಂದರು ಡಾಕ್ಟರು. ಅವಳು ಹೊರಗೆ ಬಂದು ನನ್ನ ಮುಂದೆ ನಾಲಿಗೆ ಚಾಚಿ, "ಇದೆ ತಾತಾ, ಇನ್ನೂ ಗಟ್ಟಿಯಾಗೇ ಇದೆ," ಎಂದಳು.

ನನಗೆ ಡಾಕ್ಟರು ಕೈ ಚಾಚಲು ಹೇಳಿದರು. ಚಾಚಿದೆ. ಒಂದು ಸುರುಳಿ ಬರೆಯಲು ಹೇಳಿದರು. ಬರೆದೆ. ಡಾಕ್ಟರು ನೋಡಿ ಕೇಳಿದರು:

"ಈ ನಡುಕ ಯಾವಾಗಿಂದ?"

"ಯಾವ ನಡುಕ?"

"ಹತ್ತು ವರ್ಷದಿಂದ," ಎಂದಳು ನಿಮ್ಮತ್ತಿಗೆ. "ಸಿಡುಕು ಅದಕ್ಕಿಂತ ಮುಂಚಿಂದ. ಹೇಳಿದ್ರೆ ಲೋಟದ ತಪ್ಪು, ಗುಂಡಿ ತಪ್ಪು ಅಂತಾರೆ."

ರಕ್ತ, ಮೂತ್ರ ಎಲ್ಲ ತೆಗೆದುಕೊಂಡರು. ಪಾದರಸದ ಕೆಲಸವೇ ಇರಬಹುದು ಎಂದರು, ಮೂತ್ರಪಿಂಡವೂ ಸೋತಿದೆಯಂತೆ. ನಾನು ನನ್ನ ಬಗ್ಗೆ ಕೇಳಲಿಲ್ಲ. ಮೂವತ್ತೈದು ವರ್ಷದ ಹಿಂದೆ ಆರು ವರ್ಷ ಮುಟ್ಟಿ ಬಿಟ್ಟವರಿಗೆ ಏನಾಗಿರಬಹುದು ಎಂದು ಕೇಳಿದೆ.

"ಏನೂ ಆಗಿಲ್ದೇ ಇರಬಹುದು," ಎಂದರು. "ಆಗಿದ್ರೂ ಇಷ್ಟು ವರ್ಷದ ಮೇಲೆ ಇದರಿಂದಲೇ ಅಂತ ಹೇಳೋದು ಕಷ್ಟ. ಅವರನ್ನ ಒಂದ್ಸಲ ತೋರಿಸಿ."

ಜುಲೈ ೯, ಬುಧವಾರ

ಪುಟ್ಟಿ, ಈ ಪುಟಗಳನ್ನು ಹರಿದು ನಿನಗೆ ಕಳಿಸುತ್ತೇನೆ. ನಕಲು ಮಾಡಿ ಚಂದ ಮಾಡುವ ಕೈ ಈಗ ನನ್ನದಲ್ಲ.

ಒಂದು ಮಾತು ಮೇಲೆಲ್ಲೂ ಬರೆದಿಲ್ಲ. ನೀನು ಹುಲ್ಲುಮನೆಗೆ ಹೊಲಿಗೆಗೆ ಬಂದಾಗ ಮೇಷ್ಟ್ರ ಕಟ್ಟಪ್ಪಣೆ ಒಂದಿತ್ತು. ಮೊದಲು ಹೊಲಿಗೆ, ಆಮೇಲೆ ವಿಷ. ಹೊಲಿಯುವವರ ಕೈಗೆ ಅದು ಸೋಕಬಾರದು ಎಂದು. ಆದರೆ ಹೊಲಿದ ಮೇಲೆ ಸವರಿದರೆ ಬ್ರಷ್ಷು ದಾರಕ್ಕೆ ಸಿಕ್ಕಿ ಎಲೆ ಕಿತ್ತು ಬರುತ್ತಿತ್ತು. ನಾನು ಬುದ್ಧಿವಂತ, ತಿರುಗಿಸಿಬಿಟ್ಟೆ. ಮೊದಲು ಸವರಿ, ಒಣಗಿಸಿ, ನಿನ್ನ ಕೈಗೆ ಕೊಡುತ್ತಿದ್ದೆ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಒಂದು ಎಲೆಯೂ ಉದುರಿಲ್ಲ ಎಂದು ಅವರು ನನ್ನ ಬೆನ್ನು ತಟ್ಟಿದರು. ನೀನು ಆರು ವರ್ಷ ಬೆರಳು ನೆಕ್ಕಿ ಹಾಳೆ ಎತ್ತಿದೆ, ಹೊಲಿದು ಹಲ್ಲಿನಲ್ಲಿ ದಾರ ಕಚ್ಚಿದೆ. "ಅಣ್ಣಾ, ಬಾಯಲ್ಲಿ ಕಬ್ಬಿಣ ಇಟ್ಕೊಂಡ ಹಾಗಿದೆ," ಎಂದು ಒಂದು ದಿನ ಹೇಳಿದ್ದೆ. ಹೆಚ್ಚು ಮಾತಾಡಿದರೆ ಹಾಗೇ ಆಗುತ್ತದೆ ಎಂದು ನಾನು ನಕ್ಕಿದ್ದೆ. ನಿನ್ನ ಒಸಡಿನಲ್ಲಿ ರಕ್ತ ಬರುತ್ತಿತ್ತು. ಇಪ್ಪತ್ನಾಲ್ಕು ತುಂಬುವ ಮೊದಲೇ ಎರಡು ಹಲ್ಲು ಹೋದವು. ನಿನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಜಾಸ್ತಿ ನಗಬೇಡ ಎಂದು ಹೇಳಿದವನೂ ನಾನೇ.

ಎಲೆ ಉದುರಬಾರದು ಅಂತ ಮಾಡಿದೆ. ಅಷ್ಟೇ ಯೋಚಿಸಿದ್ದು.

ನಿನಗೆ ಕಾಲು ಊದುತ್ತದೆಯೇ? ಮುಖ? ಕೈ ನಡುಗುತ್ತದೆಯೇ, ಸೂಜಿಗೆ ದಾರ ಪೋಣಿಸಲು ಆಗುತ್ತದೆಯೇ? ಮೂತ್ರದಲ್ಲಿ ನೊರೆ ಬರುತ್ತದೆಯೇ, ನಾಚಿಕೊಳ್ಳದೆ ಹೇಳು. ಗುಂಡನಿಗೆ ಹೇಳಿ ನಾಳೆಯೇ ಆಸ್ಪತ್ರೆಗೆ ಹೋಗು, ಪಾದರಸ ಎಂದು ನೀನೇ ಬಾಯಿಬಿಟ್ಟು ಹೇಳು, ಅವರಾಗಿ ಕೇಳುವುದಿಲ್ಲ. ಮೂವತ್ತೈದು ವರ್ಷದಿಂದ ನಿನ್ನ ಕ್ಷೇಮ ಕೇಳುತ್ತಾ ಬಂದಿದ್ದೇನೆ. ನೀನು ಚೆನ್ನಾಗಿದ್ದೇನೆ ಅಣ್ಣಾ ಎಂದೇ ಬರೆದಿದ್ದೀಯ. ಈ ಸಲ ಹಾಗೆ ಬರೆಯಬೇಡ. ಇದ್ದದ್ದು ಬರಿ. ಬೈಯಬೇಕು ಅನ್ನಿಸಿದರೆ ಬೈದು ಬರಿ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದಾದರೂ ಬರಿ. ಬರೆಯಲು ಆಗದಿದ್ದರೆ ದೊಡ್ಡವಳ ಕೈಯಲ್ಲಿ ಬರೆಸು.

ಬೇಗ ಬರಿ, ಪುಟ್ಟಿ.